ಕಡೂರಿನ ಮಳೆ ಮೂಡಿಗೆರೆಗೆ ಹೋಗದಂತೆ ಚಾರ್ಟ್ ಬರೆಯುವುದು ಹೇಗೆ?

ಪ್ರಾಜೆಕ್ಟ್ ವರದಿಗಳ ಕಾಲ ಬಂದರೆ ಚಿಕ್ಕಮಗಳೂರಿನ ಜೆರಾಕ್ಸ್ ಅಂಗಡಿಗಳಲ್ಲಿ ಇಂಥ ಚಾರ್ಟ್ ಕಾಣಿಸುತ್ತದೆ: ಜುಲೈನಲ್ಲಿ ಮಲೆನಾಡಿನ ಮೂಡಿಗೆರೆಗಿಂತ ಬಯಲುಸೀಮೆಯ ಕಡೂರಿಗೆ ಜಾಸ್ತಿ ಮಳೆ! ಅಂಕಿಅಂಶ ಸರಿಯಾಗೇ ಇರುತ್ತದೆ. ಅದಲುಬದಲಾಗಿರುವುದು ತಾಲ್ಲೂಕುಗಳ ಗುರುತು.

ಮೊದಲು ತಿಂಗಳು, ತಾಲ್ಲೂಕು, ಮಳೆ ಎಂಬ ಮೂರು ಕಾಲಂಗಳ, ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಿಎಸ್‌ವಿ ಫೈಲನ್ನು ಅಂಕಿಅಂಶ ವಿಶ್ಲೇಷಣೆಯ 'ಆರ್' (R) ತಂತ್ರಾಂಶದಲ್ಲಿ ತೆರೆಯಿರಿ. ಆರ್ ಉಚಿತ.

ಮುಂದಿನದು ಗುರುತಿನ ಆಯ್ಕೆ. ಚಾರ್ಟ್ ಬರೆಯುವ 'ಪ್ಲಾಟ್' (plot) ಆದೇಶದೊಳಗೆ 'ಪಿಸಿಎಚ್' (pch) ಎಂಬಲ್ಲಿ 0ರಿಂದ 25ರವರೆಗಿನ ಸಂಖ್ಯೆ ಕೊಡಬಹುದು. ಏನೂ ಕೊಡದಿದ್ದರೆ 1, ಅಂದರೆ ಖಾಲಿ ವೃತ್ತ. 21 (ವೃತ್ತ), 22 (ಚೌಕ), 24 (ತ್ರಿಕೋನ) ಸಾಕು. 3 ಮತ್ತು 4, ಅಂದರೆ ಪ್ಲಸ್, ಇಂಟು ಗುರುತು ಬೇಡವೇ ಬೇಡ. ಚುಕ್ಕೆಗಳು ಒತ್ತೊತ್ತಾದರೆ ಮುಳ್ಳುಬೇಲಿ ಥರ ಕಾಣುತ್ತವೆ. 21ರಿಂದ 25ರ ಗುರುತುಗಳಲ್ಲಿ 'ಕೋಲ್' (col) ಎಂಬಲ್ಲಿ ಕೊಟ್ಟ ಬಣ್ಣ ಅಂಚಿಗೆ ಮಾತ್ರ. ಒಳಗಿನ ಬಣ್ಣಕ್ಕೆ 'ಬಿಜಿ' (bg) ಕೊಡಬೇಕು.

ಎಡವುವುದು ಇನ್ನು ಮುಂದೆ. ಹಳೆಯ ಪಾಠಗಳಲ್ಲಿ ಗುರುತುಗಳನ್ನು ಸಾಲಾಗಿ ಬರೆದು, ಪಕ್ಕದ ಚೌಕ ಕಂಸದಲ್ಲಿ ತಾಲ್ಲೂಕು ಕಾಲಂ ಹಾಕಿರುತ್ತಾರೆ. 2020ರಲ್ಲಿ ಬಂದ 4.0 ಆವೃತ್ತಿಯಿಂದ ಆರ್ ಪಠ್ಯವನ್ನು ತಾನಾಗಿ ಫ್ಯಾಕ್ಟರ್ (ಪ್ರತಿ ಹೆಸರಿಗೂ ಒಂದು ಕ್ರಮಸಂಖ್ಯೆ ಇರುವ ಕಾಲಂ) ಮಾಡುವುದಿಲ್ಲ. ಹಾಗಾಗಿ ಆರ್ ಗುರುತುಗಳ ಸಾಲಿನಲ್ಲಿ ತಾಲ್ಲೂಕಿನ ಹೆಸರನ್ನೇ ಹುಡುಕುತ್ತದೆ, ಸಿಗುವುದಿಲ್ಲ. ಚೌಕಟ್ಟು ಬರುತ್ತದೆ, ಒಳಗೆ ಒಂದು ಚುಕ್ಕೆಯೂ ಇಲ್ಲ! ಗಾಬರಿಯಾಗಿ ಫ್ಯಾಕ್ಟರ್ ಮಾಡುತ್ತೀರಿ, ಚುಕ್ಕೆ ಬರುತ್ತವೆ. ಆದರೆ ಫ್ಯಾಕ್ಟರ್ ಹೆಸರುಗಳನ್ನು ಅಕ್ಷರ ಕ್ರಮದಲ್ಲಿ ಜೋಡಿಸುತ್ತದೆ: ಕಡೂರು, ಕೊಪ್ಪ, ಮೂಡಿಗೆರೆ. ನೀವು ಕಡೂರಿಗಿಂತ ಮಳೆ ಜಾಸ್ತಿ ಅಂತ ಮೂಡಿಗೆರೆಯನ್ನೇ ಗುರುತುಗಳ ಅರ್ಥ ಹೇಳುವ ಡಬ್ಬಿಯಲ್ಲಿ, ಅಂದರೆ ಲೆಜೆಂಡ್‌ನಲ್ಲಿ ಮೊದಲು ಬರೆದಿರುತ್ತೀರಿ. ಕೆಟ್ಟಿತಲ್ವಾ?

ಆದ್ದರಿಂದ ಗುರುತನ್ನು ಕ್ರಮಕ್ಕಲ್ಲ, ಹೆಸರಿಗೇ ಕಟ್ಟಿ. ಕಡೂರು = 21, ಕೊಪ್ಪ = 22, ಮೂಡಿಗೆರೆ = 24 ಎಂದು ಹೆಸರು ಸಮೇತ ಪಟ್ಟಿ ಮಾಡಿ. ಬಣ್ಣಕ್ಕೂ ಇಂಥದ್ದೇ ಪಟ್ಟಿ. ಈಗ ಕಂಸದೊಳಗೆ ಹಾಕುವ ಕಾಲಂ ಪಠ್ಯವಾಗಿಯೇ ಇರಬೇಕು. ಫ್ಯಾಕ್ಟರ್ ಆಗಿದ್ದರೆ ಆರ್ ಮತ್ತೆ ಕ್ರಮಸಂಖ್ಯೆಯನ್ನೇ ಹಿಡಿಯುತ್ತದೆ, ಹಾಗಾಗಿ ಅದನ್ನು ಪಠ್ಯವಾಗಿಸುವ 'ಆಸ್.ಕ್ಯಾರೆಕ್ಟರ್' (as.character) ಬಳಸಿ. ಲೆಜೆಂಡ್‌ಗೂ ಹೆಸರನ್ನು ಕೈಯಲ್ಲಿ ಟೈಪ್ ಮಾಡಬೇಡಿ, ಅದೇ ಪಟ್ಟಿಯಿಂದ ತೆಗೆಯಿರಿ. ಅಲ್ಲಿ ಒಳಬಣ್ಣಕ್ಕೆ 'ಪಿಟಿ.ಬಿಜಿ' (pt.bg) ಎಂದಿರಬೇಕು. ಸುಮ್ನೆ 'ಬಿಜಿ' ಎಂದರೆ ಲೆಜೆಂಡ್ ಡಬ್ಬಿಗೇ ಬಣ್ಣ ಬಳಿಯುತ್ತದೆ.

ಕೆಂಪು-ಹಸಿರು ಜೋಡಿ ಬೇಡ, ಕೆಲವರ ಕಣ್ಣಿಗೆ ಎರಡೂ ಒಂದೇ. ನೀಲಿ-ಕಿತ್ತಳೆ ಒಳ್ಳೆಯದು. ಎಕ್ಸೆಲ್‌ನ ತ್ರೀಡಿ ಕಂಬಗಳ ಆಸೆಯನ್ನೂ ಬಿಡಿ, ಹಿಂದಿನ ಕಂಬವನ್ನು ಮುಂದಿನದು ಮುಚ್ಚುತ್ತದೆ.

ಉಳಿಸಲು ಸ್ಕ್ರೀನ್‌ಶಾಟ್ ಬೇಡ. ಪಿಎನ್‌ಜಿಯಲ್ಲಿ ಅಳತೆಯನ್ನು ಇಂಚಿನಲ್ಲಿ ಕೊಟ್ಟು, 'ರೆಸ್' (res), ಅಂದರೆ ಇಂಚಿಗೆ ಎಷ್ಟು ಚುಕ್ಕಿ ಎಂಬುದನ್ನು 300 ಇಡಿ. ಕೊನೆಗೆ ಫೈಲ್ ಮುಚ್ಚುವ 'ಡೆವ್.ಆಫ್' (dev.off()) ಬರೆಯದಿದ್ದರೆ ಫೈಲ್ ಪೂರ್ತಿಯಾಗುವುದಿಲ್ಲ.