ವೆರಾಕ್ರಿಪ್ಟ್ ಫೈಲ್ ಓಪನ್ ಆಗ್ತಿಲ್ವಾ? ಪಾಸ್‌ವರ್ಡ್ ಎಷ್ಟುದ್ದ ಇದೆ ನೋಡಿ

ನಮ್ಮ ಭಾವನ ಅಂಗಡಿ ಲೆಕ್ಕಪತ್ರದ ಸ್ಕ್ಯಾನ್ ಎಲ್ಲಾ ಒಂದು ಹಳೇ ವೆರಾಕ್ರಿಪ್ಟ್ (ಪಾಸ್‌ವರ್ಡ್ ಇಟ್ಟು ಫೈಲುಗಳಿಗೆ ಬೀಗ ಹಾಕೋ ಸಾಫ್ಟ್‌ವೇರು) ಫೈಲಲ್ಲಿತ್ತು, ಹಳೇ ಲ್ಯಾಪ್‌ಟಾಪಲ್ಲಿ ಆರಾಮಾಗಿ ಓಪನ್ ಆಗೋದು, ಹೊಸದ್ರಲ್ಲಿ ಮಾತ್ರ ಜಪ್ಪಯ್ಯ ಅಂದ್ರೂ ಇಲ್ಲ. ಅದೇ ಫೈಲು, ಪಾಸ್‌ವರ್ಡ್ ಜೋಪಾನವಾಗಿಡೋ ಕೀಪಾಸ್ ಆ್ಯಪ್‌ನಿಂದ ಪೇಸ್ಟ್ ಮಾಡೋ ಅದೇ 80 ಅಕ್ಷರದ ಪಾಸ್‌ವರ್ಡು. ಎರರ್ ಓದಿದ್ರೆ ಪಾಸ್‌ವರ್ಡ್ ತಪ್ಪು, ಇಲ್ಲಾ ಪಿಮ್ (ಪಾಸ್‌ವರ್ಡ್ ಜತೆ ಬೇಕಿದ್ರೆ ಕೊಡೋ ಒಂದು ಸಂಖ್ಯೆ) ತಪ್ಪು, ಇಲ್ಲಾ ಹ್ಯಾಶ್ (ಪಾಸ್‌ವರ್ಡಿಂದ ಬೀಗದ ಕೀ ತಯಾರಿಸೋ ಲೆಕ್ಕದ ವಿಧಾನ) ತಪ್ಪು, ಇಲ್ಲಾ ಇದು ವಾಲ್ಯೂಮೇ (ವೆರಾಕ್ರಿಪ್ಟ್ ಬೀಗ ಹಾಕಿದ ಫೈಲ್ ಅಥವಾ ಡ್ರೈವ್) ಅಲ್ಲ ಅಂತ ಎಲ್ಲಾ ಒಟ್ಟಿಗೆ ಹೇಳಿ ಕೈ ತೊಳ್ಕೊಳ್ಳತ್ತೆ. ಅದನ್ನ ಬೈದೂ ಉಪಯೋಗ ಇಲ್ಲ ಬಿಡಿ, ಫೈಲಿನ ಮೊದಲ 64 ಬೈಟ್ ಸಾಲ್ಟು (ಕೀ ತಯಾರಿಸೋವಾಗ ಪಾಸ್‌ವರ್ಡ್ ಜತೆ ಬೆರೆಸೋ ಅಡ್ಡಾದಿಡ್ಡಿ ಡೇಟಾ), ಅಲ್ಲಿಂದಾಚೆ ಎಲ್ಲಾ ಎನ್‌ಕ್ರಿಪ್ಟೆಡ್ಡು, ಹೆಡರ್ (ಫೈಲಿನ ಶುರುವಿನ ಭಾಗ) ಬಿಚ್ಚಿದಾಗ ವಿ ಇ ಆರ್ ಎ ಅಂತ ನಾಲ್ಕಕ್ಷರ ಕಾಣಿಸ್ಲಿಲ್ಲ ಅಂದ್ರೆ ಯಾಕೆ ಅಂತ ಅದಕ್ಕೂ ಗೊತ್ತಾಗಲ್ಲ.

ಹಳೇದ್ರಲ್ಲಿ ಓಪನ್ ಆಗ್ತಿದೆ ಅಂದ್ಮೇಲೆ ಫೈಲಂತೂ ಕೆಟ್ಟಿಲ್ಲ. ಅಲ್ಲೇ ಪೇಸ್ಟ್ ಮಾಡಿ, ಕೊನೇಲಿ ಸುಮ್ನೆ ಇನ್ನೊಂದು ಅಕ್ಷರ ಒತ್ತಿ ನೋಡ್ದೆ, ಚುಕ್ಕಿ ಹೆಚ್ಚಾಗ್ಲೇ ಇಲ್ಲ. ಪಾಸ್‌ವರ್ಡ್ ತೋರಿಸೋ ಟಿಕ್ ಹಾಕಿ ಎಣಿಸಿದ್ರೆ 64! ಮಿಕ್ಕ 16 ಅಕ್ಷರ ಫೈಲ್ ಮಾಡಿದ ದಿನದಿಂದ್ಲೂ ಒಳಗೆ ಹೋಗೇ ಇಲ್ಲ. 2019ರಲ್ಲಿ 1.24 ವರ್ಶನ್ ಬರೋ ತನಕ ಮಿತಿ 64 ಇತ್ತು, ಆಮೇಲೆ ಸಿಸ್ಟಂ ಡ್ರೈವ್ ಒಂದು ಬಿಟ್ಟು ಬೇರೆ ವಾಲ್ಯೂಮ್‌ಗೆಲ್ಲಾ 128 ಬೈಟ್ ಮಾಡಿದ್ರು, ಹಾಗಾಗಿ ಹೊಸ ಲ್ಯಾಪ್‌ಟಾಪಲ್ಲಿರೋ ಹೊಸ ವರ್ಶನ್ 80ನ್ನೂ ಪೂರ್ತಿ ತಗೊಳತ್ತೆ, ಬರೋ ಕೀ ಬೇರೇನೇ.

ಸೆಟ್ಟಿಂಗ್ಸಲ್ಲಿ ಹಳೇ 64ರ ಮಿತೀನೇ ಇಟ್ಕೋ ಅನ್ನೋಕೆ ಲೆಗಸಿ ಅಂತ ಒಂದು ಟಿಕ್ ಕೊಟ್ಟಿದಾರೆ. ನಾನು ಅದನ್ನ ಮುಟ್ಲಿಲ್ಲ, ನಾಳೆ ಇನ್ಯಾವುದೋ ಮೆಷಿನ್ನಲ್ಲಿ ಈ ಟಿಕ್ ಯಾರಿಗೆ ನೆನಪಿರತ್ತೆ, ಕೀಪಾಸಲ್ಲೇ ಪಾಸ್‌ವರ್ಡನ್ನ 64ಕ್ಕೆ ಕತ್ತರಿಸಿ ಸೇವ್ ಮಾಡ್ದೆ, ಎರಡು ಕಡೇನೂ ಓಪನ್ ಆಯ್ತು. ಹೀಗೆ ಟ್ರೈ ಮಾಡೋವಾಗ ಹ್ಯಾಶ್ ಯಾವ್ದು ಅಂತ ಗೊತ್ತಿದ್ರೆ ಅದನ್ನೇ ಆರಿಸ್ಕೊಳ್ಳಿ, ಆಟೋ ಬಿಟ್ರೆ ಇರೋ ಹ್ಯಾಶೆಲ್ಲಾ ಪರೀಕ್ಷೆ ಮಾಡ್ತಾ ಕೂರತ್ತೆ, ಎಸ್‌ಎಚ್‌ಎ-512 ಅನ್ನೋ ಹ್ಯಾಶ್ ಒಂದಕ್ಕೇ ಡಿಫಾಲ್ಟಾಗಿ 5 ಲಕ್ಷ ಸುತ್ತು ಲೆಕ್ಕ.

ಹಾಗಾದ್ರೆ ಒಂದು ವಚನ ಪೂರ್ತಿ ಕನ್ನಡದಲ್ಲೇ ಪಾಸ್‌ವರ್ಡ್ ಇಟ್ರೆ ಹೆಂಗೆ ಅಂದ್ರು ಭಾವ. ಆಗಲ್ಲ ಭಾವ, ಅಲ್ಲಿ ಲೆಕ್ಕ ಬೈಟಲ್ಲಿ. ಬೆಂಗಳೂರು ಅನ್ನೋದು ಕಣ್ಣಿಗೆ ನಾಲ್ಕೇ ಅಕ್ಷರ, ಆದ್ರೆ ಕಂಪ್ಯೂಟರ್ ಅಕ್ಷರ ಉಳಿಸೋ ಯುಟಿಎಫ್-8 ಪದ್ಧತೀಲಿ ಮೂಲಾಕ್ಷರ, ಕೊಂಬು, ಸೊನ್ನೆ ಎಲ್ಲಾ ಬೇರೆಬೇರೆ ಎಣಿಕೆ ಆಗಿ 24 ಬೈಟು, 128ರೊಳಗೆ ಐದು ಸಲ ಬೆಂಗಳೂರು ಬರೀಬಹುದು, ಆರನೇದು ಹಿಡಿಯಲ್ಲ.