ಹಳೇ ಬೈಕಿಗೆ ನಟ್ಟು-ಬೋಲ್ಟು ಹುಡುಕೋದು ಹೇಗೆ (ಕಾರವಾರ, ಶಿರಸಿ ಕಡೆಯವರಿಗೆ)

ಚಿಕ್ಕಪ್ಪನ ಯೆಜ್ಡಿ ರೋಡ್‌ಕಿಂಗ್ ಶಿರಸಿ ಮನೆಯ ಸೌದೆ ಕೊಟ್ಟಿಗೆಯಲ್ಲಿ 14 ಮಳೆಗಾಲ ಕಳೆದಿತ್ತು. ಅದನ್ನ ಕಾರವಾರಕ್ಕೆ ತಂದು ಬಿಚ್ಚೋಕೆ ಕೂತಾಗ ನಂಗೆ ಇಂಜಿನ್ನಿಂದೇ ಚಿಂತೆ, ಆದ್ರೆ ತಿಂಗಳುಗಟ್ಟಲೆ ಕೆಲಸ ನಿಲ್ಸಿದ್ದು ಸಣ್ಣ ಸಣ್ಣ ನಟ್ಟು, ಬೋಲ್ಟು, ಸ್ಟಡ್ಡು (ತಲೆ ಇಲ್ಲದ ಬೋಲ್ಟು). ಪಿಸ್ಟನ್ ಬೇಕು ಅಂದ್ರೆ ಯಾರಾದ್ರೂ ದಾರಿ ತೋರಿಸ್ತಾರೆ, ಸೈಡ್ ಕವರ್‌ದು ಒಂದು ಸ್ಕ್ರೂ ಬೇಕು ಅಂದ್ರೆ ಎಲ್ಲರೂ "ಯಾವುದಾದ್ರೂ ಹಾಕಿ ಮಾರಾಯ್ರೆ" ಅಂತಾರೆ. ಯಾವುದಾದ್ರೂ ಹಾಕಿದ್ರೆ ಗಾಡಿ ಹಾಳಾಗತ್ತೆ, ಅದಕ್ಕೇ ಇದನ್ನ ಬರೀತಾ ಇದೀನಿ.

ಮೊದಲ್ನೇದು, ಹಳೇ ಬೋಲ್ಟ್ ಒಂದನ್ನೂ ಬಿಸಾಡಬೇಡಿ. ಮುರಿದಿರ್ಲಿ, ತುಕ್ಕು ತಿಂದಿರ್ಲಿ, ಅದೇ ನಿಮ್ಮ ಅಳತೆ. ಒಂದು ರಟ್ಟಿನ ಮೇಲೆ ಇಂಜಿನ್ ಕವರಿನ ಆಕಾರ ಬರೆದು ಬೋಲ್ಟ್ ಎಲ್ಲಿಂದ ಬಂತೋ ಅಲ್ಲೇ ತೂತು ಮಾಡಿ ಚುಚ್ಚಿಡಿ, ಯಾಕಂದ್ರೆ ಒಂದೇ ಕವರಲ್ಲಿ ಉದ್ದ ಬೇರೆ ಬೇರೆ ಇರತ್ತೆ, ಉದ್ದದ್ದನ್ನ ಗಿಡ್ಡದ ಜಾಗಕ್ಕೆ ಹಾಕಿ ಬಿಗಿದ್ರೆ ಒಳಗಿನ ಅಲ್ಯೂಮಿನಿಯಂ ಒಡೆದು ಹೋಗತ್ತೆ. ಬಿಚ್ಚೋಕೆ ಮುಂಚೆ ಮೊಬೈಲಲ್ಲಿ ಫೋಟೋ ತೆಗೀರಿ. ಬರದಿದ್ರೆ ಬಲ ಹಾಕಬೇಡಿ, ಒಂದೆರಡು ದಿನ ಪೆನೆಟ್ರೇಟಿಂಗ್ ಆಯಿಲ್ ಬಿಟ್ಟು ಕಾಯಿರಿ. ಕೆಲವು ನಟ್ಟಿಗೆ ಉಲ್ಟಾ ಥ್ರೆಡ್ ಇರತ್ತೆ, ಅದನ್ನ ಮ್ಯಾನುಯಲ್ ನೋಡಿ ಖಾತ್ರಿ ಮಾಡ್ಕೊಳ್ಳಿ.

ಆಮೇಲೆ ಅಳತೆ. ಇದು ಬರದಿದ್ರೆ ಅಂಗಡಿಗೆ ಹೋಗೋದೇ ವೇಸ್ಟ್. ಒಂದು ವರ್ನಿಯರ್ (ದಪ್ಪ ಅಳೆಯೋ ಸ್ಕೇಲು), ಒಂದು ಥ್ರೆಡ್ ಪಿಚ್ ಗೇಜ್ (ಪಿಚ್ ಅಂದ್ರೆ ಒಂದು ಥ್ರೆಡ್ಡಿಂದ ಇನ್ನೊಂದಕ್ಕಿರೋ ದೂರ) ತಗೊಳ್ಳಿ. ಗೇಜ್ ಇಲ್ಲಾಂದ್ರೆ 10 ಥ್ರೆಡ್ಡಿನ ಉದ್ದ ಅಳೆದು ಹತ್ತರಿಂದ ಭಾಗಿಸಿ, 12.5 ಎಂ.ಎಂ. ಬಂದ್ರೆ ಪಿಚ್ 1.25, ಅಂದ್ರೆ ಸಾಮಾನ್ಯ ಎಂ8 (8 ಎಂ.ಎಂ. ದಪ್ಪದ ಮೆಟ್ರಿಕ್ ಬೋಲ್ಟು). ಜಾವಾ, ಯೆಜ್ಡಿ ಮೈಸೂರಲ್ಲಿ ತಯಾರಾದ್ರೂ ಡಿಸೈನ್ ಚೆಕ್ ದೇಶದ್ದು, ಹಾಗಾಗಿ ಮೆಟ್ರಿಕ್, ನಮಗೆ ಸುಲಭ. ಹಳೇ ಬುಲೆಟ್ ಹಾಗಲ್ಲ. ಅದು ಬ್ರಿಟಿಷ್ ಡಿಸೈನ್, 1955ರಿಂದ ಮದ್ರಾಸಲ್ಲಿ ಮಾಡಿದ್ರೂ ಇಂಚಿನ ಥ್ರೆಡ್ಡೇ ಬಂತು, ಬರಬರ್ತಾ ಮೆಟ್ರಿಕ್ ಸೇರ್ಕೊಂಡಿದೆ, ಜೊತೆಗೆ ಹಿಂದಿನ ಮೆಕ್ಯಾನಿಕ್‌ಗಳು ಕೈಗೆ ಸಿಕ್ಕಿದ್ದು ಹಾಕಿರ್ತಾರೆ, ಹಾಗಾಗಿ ಒಂದೊಂದು ತೂತನ್ನೂ ಬೇರೆ ಬೇರೆಯಾಗೇ ನೋಡ್ಬೇಕು.

ಇಲ್ಲೊಂದು ಅಪಾಯ ಇದೆ. 5/16 ಇಂಚು ಅಂದ್ರೆ 7.94 ಎಂ.ಎಂ., ಎಂ8 ಅಂದ್ರೆ 8. ನೋಡೋಕೆ ಒಂದೇ. ಆದ್ರೆ ಬಿಎಸ್‌ಎಫ್‌ನಲ್ಲಿ (ಬ್ರಿಟಿಷ್ ಇಂಚಿನ ಸಣ್ಣ ಥ್ರೆಡ್) ಒಂದು ಇಂಚಿಗೆ 22 ಥ್ರೆಡ್, ಥ್ರೆಡ್ಡಿನ ಕೋನ 55 ಡಿಗ್ರಿ, ಮೆಟ್ರಿಕ್ಕಿನ ಕೋನ 60. ಎರಡು ಸುತ್ತು ಆರಾಮಾಗಿ ಹೋಗತ್ತೆ, ಆಮೇಲೆ ಗಟ್ಟಿ ಅನ್ಸತ್ತೆ, "ತುಕ್ಕು ಇರ್ಬೇಕು" ಅಂತ ಪಾನ ಹಾಕಿ ತಿರುಗಿಸಿದ್ರೆ ಕ್ರ್ಯಾಂಕ್‌ಕೇಸಿನ ಥ್ರೆಡ್ಡೇ ಕಿತ್ಕೊಂಡು ಬರತ್ತೆ. ನನ್ನ ಗೆಳೆಯನ ಬುಲೆಟ್ಟಿಗೆ ಹೀಗೇ ಆಗಿ ಹೆಲಿಕಾಯಿಲ್ (ಹಾಳಾದ ತೂತಿಗೆ ಕೂರ್ಸೋ ಹೊಸ ಥ್ರೆಡ್ಡಿನ ಸುರುಳಿ) ಹಾಕಿಸ್ಬೇಕಾಯ್ತು, ನೋಡಿ ಹೊಟ್ಟೆ ಉರೀತು. ಬೋಲ್ಟು ಬೆರಳಲ್ಲೇ ಕೊನೆವರೆಗೆ ಹೋಗ್ಬೇಕು, ಹೋಗದಿದ್ರೆ ಅಲ್ಲೇ ನಿಲ್ಸಿ.

ಈಗ ಎಲ್ಲಿ ಸಿಗತ್ತೆ ಅನ್ನೋದು. ಎಂ6, ಎಂ8, ಎಂ10 ಊರಿನ ಹಾರ್ಡ್‌ವೇರ್ ಅಂಗಡೀಲೇ ಸಿಗತ್ತೆ. ಒಂದೇ ವ್ಯತ್ಯಾಸ ಬೋಲ್ಟಿನ ತಲೆಯ ಅಳತೆ. ನನ್ನ ಗಾಡಿಯ ಹಳೇ ಎಂ8ಕ್ಕೆ 14ರ ಪಾನ ಕೂರ್ತಿತ್ತು, ಈಗ ಅಂಗಡೀದಕ್ಕೆ 13, ಜಪಾನ್ ಬೈಕಿಂದ ಬಿಚ್ಚಿದ್ದಾದ್ರೆ 12. ಓಡ್ಸೋಕೆ ಏನೂ ತೊಂದ್ರೆ ಇಲ್ಲ, ಆದ್ರೆ ಕಣ್ಣಿಗೆ ಕಾಣೋ ಜಾಗದಲ್ಲಿ ನಾನು ಹಳೇ ಬೋಲ್ಟನ್ನೇ ವಿನೆಗರಲ್ಲಿ ಒಂದು ರಾತ್ರಿ ನೆನೆಸಿ, ಬ್ರಷ್ ಮಾಡಿ, ಅಡುಗೆ ಸೋಡಾ ಬೆರೆಸಿದ ನೀರಲ್ಲಿ ತೊಳೆದು ಒಣಗಿಸಿ ಜಿಂಕ್ ಪ್ಲೇಟಿಂಗ್ ಮಾಡಿಸ್ದೆ. ಹೊಸದಕ್ಕಿಂತ ಅದೇ ಚಂದ. ತಲೆ ಮೇಲೆ 10.9 ಅಥವಾ 12.9 (ತುಂಬಾ ಗಟ್ಟಿ ಸ್ಟೀಲಿನ ಗುರುತು) ಅಂತ ಇದ್ರೆ ಮಾತ್ರ ವಿನೆಗರಿನಂಥ ಆ್ಯಸಿಡ್ಡು, ಪ್ಲೇಟಿಂಗ್ ಬೇಡ, ಒಳಗೆ ಹೈಡ್ರೋಜನ್ ಸೇರಿ ಆಮೇಲೆ ಇದ್ದಕ್ಕಿದ್ದಂತೆ ಮುರಿಯೋ ಸಾಧ್ಯತೆ ಇದೆ.

ಸ್ಟೇನ್‌ಲೆಸ್ ಬೇಕಾದ್ರೆ ಬೈತಖೋಲ, ತದಡಿ ಬಂದರಿನ ಕಡೆ ಬೋಟ್ ರಿಪೇರಿ ಮಾಡೋರನ್ನ ಕೇಳಿ. ಉಪ್ಪಿನ ಗಾಳಿಗೆ ಯಾವುದು ತಡೆಯತ್ತೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಸ್ಟೇನ್‌ಲೆಸ್ಸಲ್ಲಿ 304 ಗ್ರೇಡಿಗಿಂತ 316 ಗ್ರೇಡು ಸಮುದ್ರದ ಹತ್ರ ಬಾಳಿಕೆ ಬರತ್ತೆ. ಆದ್ರೆ ಸ್ಟೇನ್‌ಲೆಸ್ ಬೋಲ್ಟು, ಅಲ್ಯೂಮಿನಿಯಂ ಕೇಸು, ಉಪ್ಪಿನ ತೇವ ಮೂರೂ ಸೇರಿದ್ರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಕರಗ್ತಾ ಬರತ್ತೆ, ಅದಕ್ಕೆ ಥ್ರೆಡ್ಡಿಗೆ ಆ್ಯಂಟಿ-ಸೀಜ್ ಪೇಸ್ಟು (ಬೋಲ್ಟು ಕಚ್ಕೊಳ್ಳದಂತೆ ತಡೆಯೋದು) ಹಚ್ಚದೆ ಹಾಕ್ಲೇಬೇಡಿ. ಆ್ಯಕ್ಸಲ್, ಬ್ರೇಕ್ ಆರ್ಮ್, ಇಂಜಿನ್ ಮೌಂಟಿಂಗಿಗೆ ಹೊಳಪು ನೋಡಿ ಸ್ಟೇನ್‌ಲೆಸ್ ಹಾಕೋದು ತಪ್ಪು. ಎ2-70 ಅಂತ ಬರೆದಿರೋ ಸ್ಟೇನ್‌ಲೆಸ್ ಬೋಲ್ಟು 450 ಮೆಗಾಪಾಸ್ಕಲ್ (ಎಳೆತದ ಅಳತೆ) ಹೊತ್ತಿಗೆ ಎಳೆದುಕೊಳ್ಳೋಕೆ ಶುರು ಮಾಡತ್ತೆ, ತಲೆ ಮೇಲೆ 8.8 ಅಂತಿರೋ ಸ್ಟೀಲು 640ರವರೆಗೆ ತಡೆಯತ್ತೆ. ಜೀವ ನಿಂತಿರೋ ಜಾಗ ಅದು, ಅಲ್ಲಿ 8.8ಕ್ಕಿಂತ ಕಮ್ಮಿ ಬೇಡವೇ ಬೇಡ.

ಇಂಚಿನ ಥ್ರೆಡ್ಡಿಗೆ ಘಟ್ಟದ ಮೇಲೆ ಹುಡುಕಿ. ಅಡಿಕೆ ತೋಟಕ್ಕೆ ನೀರು ಎತ್ತೋ ಹಳೇ ಲಿಸ್ಟರ್ ಟೈಪ್ ಡೀಸೆಲ್ ಇಂಜಿನ್‌ಗಳಲ್ಲಿ ಇದೇ ವಿಟ್‌ವರ್ತ್ (ಬ್ರಿಟಿಷ್ ಇಂಚಿನ ದಪ್ಪ ಥ್ರೆಡ್), ಬಿಎಸ್‌ಎಫ್ ಥ್ರೆಡ್. ಶಿರಸಿ, ಸಿದ್ದಾಪುರ ಕಡೆ ಆ ಪಂಪ್‌ಸೆಟ್ ರಿಪೇರಿ ಮಾಡ್ತಿದ್ದ ಹಿರಿಯರ ಹತ್ರ ಒಂದು ಡಬ್ಬಿ ಇದ್ದೇ ಇರತ್ತೆ, ಹೋಗಿ ಕೂತು ಚಾ ಕುಡಿದು ಮಾತಾಡಿ, ಸ್ಯಾಂಪಲ್ ತೋರ್ಸಿ. ಗುಜರಿ ಅಂಗಡೀನೂ ಬಿಡಬೇಡಿ.

ಎಲ್ಲೂ ಸಿಗದಿದ್ರೆ ಲೇತ್. ಸ್ಯಾಂಪಲ್ ಜೊತೆ ಅದು ಕೂರೋ ಪಾರ್ಟನ್ನೂ ತಗೊಂಡು ಹೋಗಿ, ಥ್ರೆಡ್ ಕಟ್ ಮಾಡ್ವಾಗಲೇ ಕೂರ್ಸಿ ನೋಡ್ಬಹುದು. ಭಾರ ಹೊರೋ ಪೀಸಿಗೆ ಮೈಲ್ಡ್ ಸ್ಟೀಲ್ ಬೇಡ, ಕನಿಷ್ಠ ಇಎನ್8 (ಮೈಲ್ಡ್ ಸ್ಟೀಲಿಗಿಂತ ಗಟ್ಟಿ ಸ್ಟೀಲು) ರಾಡಲ್ಲಿ ಮಾಡಿ ಅಂತ ಬಾಯಿಬಿಟ್ಟು ಹೇಳ್ಬೇಕು.

ಯೆಜ್ಡಿಗೇ ಅಂತ ಇರೋ ವಿಶೇಷ ನಟ್ಟುಗಳಿಗೆ ಮೈಸೂರು, ಬೆಂಗಳೂರಿನ ಜೆ.ಸಿ. ರೋಡು. ಈ ಗಾಡಿ ಮಾಡ್ತಿದ್ದ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿ 1996ರಲ್ಲೇ ಮುಚ್ಚಿದ್ದು, ಹಾಗಾಗಿ "ಒರಿಜಿನಲ್" ಅಂತ ಕೊಡೋದೆಲ್ಲ ಹಳೇ ಸ್ಟಾಕ್ ಅಲ್ಲ, ಹೊಸದಾಗಿ ಮಾಡಿದ್ದೇ ಜಾಸ್ತಿ. ಫೋನಲ್ಲಿ ತರ್ಸೋದಾದ್ರೆ ವರ್ನಿಯರ್ ಹಿಡಿದ ಫೋಟೋ ಕಳಿಸಿ, ಅವರಿಂದಲೂ ಹಾಗೇ ಫೋಟೋ ಕೇಳಿ. ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ, ಒಂದ್ಸಲ ಹೋಗಿ ಬನ್ನಿ, ಅಲ್ಲಿ ಸಿಗೋ ಪರಿಚಯದಿಂದ ಎಷ್ಟೋ ಪಾರ್ಟ್ ಸಿಗತ್ತೆ.

ಎಲ್ಲ ಜೋಡ್ಸಿದ್ಮೇಲೆ ಹೊಸ ಸ್ಪ್ರಿಂಗ್ ವಾಷರ್ರೇ ಹಾಕಿ. ನಾನು ಅಂಕೋಲಾವರೆಗೆ ಹೋಗಿ ಬಂದು ಇಂಜಿನ್ ತಣ್ಣಗಾದ್ಮೇಲೆ ಒಂದೊಂದಾಗಿ ಪಾನ ಹಾಕಿ ನೋಡಿದಾಗ ಸೈಲೆನ್ಸರ್ ಕ್ಲಾಂಪಿಂದು, ಹಿಂದಿನ ಮಡ್‌ಗಾರ್ಡಿಂದು ಎರಡು ಸಡಿಲಾಗಿತ್ತು, ಬಿಗಿದೆ, ಮತ್ತೆ ಸಡಿಲಾಗಿಲ್ಲ.