ನವಿಲು ನೀಲಿಯೋ ಕೆನೆ ಬಣ್ಣವೋ? ಗೋಡೆಗೆ ಬಳಿಯುವ ಮೊದಲು ಹೀಗೆ ನೋಡಿ

ಅಂಗಡಿಯ ಶೇಡ್ ಕಾರ್ಡ್ ನೋಡಿಯೇ ಬಣ್ಣ ಆರಿಸಬೇಡಿ. ಕಾರ್ಡಿನ ಸಣ್ಣ ಚೌಕದಲ್ಲಿ ಚೆಂದ ಕಂಡ ನವಿಲು ನೀಲಿ, ನಾಲ್ಕೂ ಗೋಡೆಗೆ ಬಳಿದ ಮೇಲೆ ಮೈಮೇಲೆ ಬೀಳುವ ಹಾಗಿರುತ್ತದೆ. ಸಪ್ಪೆ ಅನ್ನಿಸಿದ ಕೆನೆ ಬಣ್ಣವೇ ಕೋಣೆಗೆ ಬೆಳಕು ತರಬಹುದು. ನಮ್ಮ ಮನೆಯಲ್ಲಿ ಇವೆರಡರ ಮೇಲೆ ತಿಂಗಳುಗಟ್ಟಲೆ ಜಗಳ ನಡೆದಿತ್ತು.

ಎರಡೂ ಬಣ್ಣದ ಅತಿ ಚಿಕ್ಕ ಡಬ್ಬಿ ತನ್ನಿ. ಎರಡೂ ಮ್ಯಾಟ್ ಫಿನಿಶ್ ಇರಲಿ, ಒಂದು ಹೊಳೆದು ಇನ್ನೊಂದು ಮಂಕಾಗಿದ್ದರೆ ಹೋಲಿಕೆ ಹೇಗೆ ಸಾಧ್ಯ? ದಪ್ಪ ಬಿಳಿ ಡ್ರಾಯಿಂಗ್ ಶೀಟಿಗೆ ಎರಡು ಕೋಟ್ ಹಚ್ಚಿ, ಸುತ್ತ ಎರಡು ಬೆರಳು ಅಂಚು ಬಿಳಿಯಾಗೇ ಬಿಡಿ. ಹಳೇ ಗೋಡೆಗೇ ನೇರವಾಗಿ ಬಳಿದರೆ ಪಕ್ಕದ ಹಳೇ ಬಣ್ಣ ಕಣ್ಣಿಗೆ ಮೋಸ ಮಾಡುತ್ತದೆ. ಪೂರ್ತಿ ಒಣಗುವವರೆಗೆ ಏನೂ ತೀರ್ಮಾನಿಸಬೇಡಿ, ಹಸಿ ಬಣ್ಣವೇ ಬೇರೆ.

ಈಗ ಮುಖ್ಯ ವಿಷಯ. ಎರಡೂ ಶೀಟನ್ನು ಅಕ್ಕಪಕ್ಕ ಇಟ್ಟರೆ ನೀಲಿ ಇನ್ನೂ ಗಾಢ, ಕೆನೆ ಇನ್ನೂ ಬೆಳ್ಳಗೆ ಕಾಣುತ್ತದೆ. ಕೋಣೆಗೆ ಒಂದೇ ಬಣ್ಣ ಸಾಕು ಅಂತಿದ್ದರೆ ಒಂದು ದಿನ ಒಂದನ್ನೇ ನೋಡಿ, ಮರುದಿನ ಇನ್ನೊಂದನ್ನು. ಎರಡೂ ಬೇಕು ಅನ್ನುವವರು ಮಾತ್ರ ಜೋಡಿಸಿ ನೋಡಿ.

ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ದೀಪ ಹಾಕಿದ ಮೇಲೆ, ಹೀಗೆ ನಾಲ್ಕು ಸಲವಾದರೂ ನೋಡಲೇಬೇಕು, ಶೀಟನ್ನು ಕಿಟಕಿಯ ಎದುರಿನ ಗೋಡೆಗೂ ಕಿಟಕಿ ಇರುವ ಗೋಡೆಗೂ ಬದಲಾಯಿಸುತ್ತಾ. ಕಿಟಕಿ ಇರುವ ಗೋಡೆಗೆ ನೇರ ಬೆಳಕು ಬೀಳುವುದಿಲ್ಲ, ಅಲ್ಲಿ ನೀಲಿ ಕಪ್ಪೇ ಅನ್ನಿಸೀತು. 6500 ಕೆಲ್ವಿನ್‌ನ (ಬೆಳಕು ಎಷ್ಟು ಬಿಳಿ, ಎಷ್ಟು ಹಳದಿ ಅನ್ನುವುದರ ಅಳತೆ) ಬಿಳಿ ಟ್ಯೂಬ್‌ಲೈಟಿನಲ್ಲಿ ಕೆನೆ ಪೇಲವ, 3000ದ ಹಳದಿ ಬಲ್ಬಿನಲ್ಲಿ ಬೆಣ್ಣೆಯ ಹಾಗೆ. ನೀಲಿ ಹಳದಿ ಬೆಳಕಿನಲ್ಲಿ ಮಂಕಾಗುತ್ತದೆ. ರೆಡ್ ಆಕ್ಸೈಡ್ ನೆಲ ಇದ್ದರೆ ಅದರ ಕೆಂಪು ಕೆನೆ ಗೋಡೆಯ ಕೆಳಭಾಗಕ್ಕೆ ತಗಲುತ್ತದೆ, ನನಗಂತೂ ಅದು ಇಷ್ಟ.

ಬಣ್ಣದ ಕಂಪನಿಗಳು ಎಲ್‌ಆರ್‌ವಿ ಅಂತ ಒಂದು ಅಂಕಿ ಕೊಡುತ್ತವೆ: 0 ಅಂದರೆ ಬೆಳಕೆಲ್ಲ ನುಂಗುವ ಕಪ್ಪು, 100 ಅಂದರೆ ಎಲ್ಲ ವಾಪಸ್ ಕೊಡುವ ಬಿಳಿ. ಕತ್ತಲೆ ಕೋಣೆಗೆ ಅಂಕಿ ತೀರಾ ಕಡಿಮೆ ಇದ್ದರೆ ಹಗಲೂ ದೀಪ ಹಾಕಬೇಕಾಗುತ್ತದೆ. ನಾವು ಕೊನೆಗೆ ಮಂಚದ ಹಿಂದಿನ ಗೋಡೆಗೆ ಮಾತ್ರ ನೀಲಿ ಹಾಕಿಸಿದೆವು, ಉಳಿದ ಮೂರಕ್ಕೆ ಕೆನೆ.

ಶೇಡ್ ಕೋಡ್ ಬರೆದಿಟ್ಟುಕೊಳ್ಳಿ, ಮುಂದೆ ಟಚ್‌ಅಪ್‌ಗೆ ಬೇಕು. ಶೀಟುಗಳನ್ನು ಎಸೆಯಬೇಡಿ. ಪರದೆ ಬಟ್ಟೆ ತರಲು ಹೋಗುವಾಗ ಒಂದೊಂದು ತುಂಡು ಕತ್ತರಿಸಿ ಜೊತೆಗೆ ಒಯ್ಯಿರಿ.